ಕೋಳಿಮರಿಗಳ ಆಹಾರ: ಔಷಧಮಿಶ್ರವೋ, ಔಷಧರಹಿತವೋ?

೧. ವಿಷಯಪ್ರವೇಶ

ಕೋಳಿಸಾಕಣೆಯಲ್ಲಿ ತೊಡಗಿದವರ ಲಾಭನಷ್ಟಗಳು ಬಹುಮಟ್ಟಿಗೆ ಮರಿಗಳ ಮೊದಲ ಎಂಟು ವಾರಗಳಲ್ಲಿಯೇ ನಿರ್ಣಯವಾಗಿಬಿಡುವುವು. ಈ ಅವಧಿಯಲ್ಲಿ ಉಳಿದ ಮರಿಯೇ ಮುಂದೆ ಮೊಟ್ಟೆಯಿಡುವ ಹೇಂಟೆ. ಈ ಅವಧಿಯಲ್ಲಿ ಕರುಳು ಕೆಟ್ಟು ಬದುಕಿದ ಮರಿಯು ತಿಂದ ಆಹಾರಕ್ಕೆ ತಕ್ಕಂತೆ ಬೆಳೆಯದೆ ಒಡೆಯನಿಗೆ ಭಾರವಾಗುವುದು. ಇಂತಹ ಮರಿಗಳಿಗಾಗಿ ಅಂಗಡಿಯಲ್ಲಿ ದೊರೆಯುವ ಸಿದ್ಧಾಹಾರದ ಚೀಲಗಳು ಎರಡು ಬಗೆಯವು. ಒಂದರಲ್ಲಿ ಧಾನ್ಯ, ಹಿಂಡಿ, ಲವಣ, ಜೀವಸತ್ವಗಳ ಜೊತೆಗೆ ಅಲ್ಪಪ್ರಮಾಣದ ಔಷಧವೊಂದು ಬೆರೆತಿರುವುದು, ಇನ್ನೊಂದರಲ್ಲಿ ಔಷಧವಿರುವುದಿಲ್ಲ. ಇವುಗಳಲ್ಲಿ ಯಾವುದನ್ನು ಕೊಳ್ಳತಕ್ಕದ್ದೆಂಬ ಪ್ರಶ್ನೆ ನೋಟಕ್ಕೆ ಚಿಕ್ಕದು. ಆದರೆ ನೂರು ಮರಿ ತಂದು ಮಳೆಗಾಲದಲ್ಲಿ ನಲವತ್ತನ್ನು ಹೂಳಬೇಕಾಗಿ ಬರುವ ಕುಟುಂಬಕ್ಕೆ ಅದು ಚಿಕ್ಕದಲ್ಲ.

ಈ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಔಷಧವಿರುವ ಆಹಾರವನ್ನು ಕೊಟ್ಟರೆ ಮರಿಗೆ ಯಾವ ರೋಗವೂ ಬಾರದೆಂದು ನಂಬುವವರು ಕೆಲವರು. ಹುಟ್ಟಿದಂದಿನಿಂದ ಔಷಧ ತಿಂದ ಮರಿ ಎಂದಿಗೂ ಗಟ್ಟಿಯಾಗದೆಂದೂ, ಅದರ ಮೊಟ್ಟೆ ಮಾಂಸಗಳು ದೂಷಿತವೆಂದೂ ಭಾವಿಸುವವರು ಇನ್ನು ಕೆಲವರು. ಎರಡು ಪಕ್ಷಗಳೂ ಆ ಔಷಧವು ಯಾವುದು, ಯಾವ ರೋಗಕ್ಕಾಗಿ ಬೆರೆಸಿದ್ದು, ಅದು ಮಾಡುವ ಕೆಲಸವೇನು ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟು ನಿರ್ಣಯಕ್ಕೆ ಹೋದುವು. ಈ ಮೂರನ್ನು ಕ್ರಮವಾಗಿ ಪರಿಶೀಲಿಸಿದರೆ ಆಯ್ಕೆಯ ದಾರಿ ತಾನಾಗಿ ತಿಳಿಯುವುದು.

೨. ರೋಗವೂ ಅದರ ಕಾರಣವೂ

ಮರಿಗಳ ಆಹಾರದಲ್ಲಿ ಔಷಧವನ್ನು ಬೆರೆಸುವುದು ಮುಖ್ಯವಾಗಿ ಒಂದೇ ರೋಗದ ಸಲುವಾಗಿ. ಅದು ಕಾಕ್ಸಿಡಿಯೋಸಿಸ್, ಹಳ್ಳಿಗಳಲ್ಲಿ ಇದನ್ನು ರಕ್ತಭೇದಿಯೆಂದು ಕರೆಯುವರು. ಮರಿಯು ರೆಕ್ಕೆಗಳನ್ನು ಇಳಿಬಿಟ್ಟು, ಗರಿಗೆದರಿ, ಕಣ್ಣು ಮುಚ್ಚಿ ಮೂಲೆಯಲ್ಲಿ ಮುದುರಿ ನಿಲ್ಲುವುದು, ಹಿಕ್ಕೆಯಲ್ಲಿ ರಕ್ತ ಕಾಣುವುದು, ಜುಟ್ಟು ಬಿಳಿಚುವುದು, ಎರಡು ಮೂರು ದಿನಗಳಲ್ಲಿ ಸಾವು ಸಂಭವಿಸುವುದೂ ಉಂಟು.

ಈ ರೋಗಕ್ಕೆ ಕಾರಣ ಐಮೇರಿಯ ಎಂಬ ಏಕಕೋಶಜೀವಿ. ಇದರ ಗಣಕ್ಕೆ ಜರ್ಮನಿಯ ಪ್ರಾಣಿಶಾಸ್ತ್ರಜ್ಞನಾದ ಥಿಯೋಡರ್ ಐಮರನ ಹೆಸರನ್ನು ಇಟ್ಟಿರುವರು. ಕೋಳಿಯ ಕರುಳಿನಲ್ಲಿ ಬಾಳುವ ಏಳು ಜಾತಿಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಅಂಗೀಕರಿಸಿದ್ದಾರೆ. ಅವುಗಳಲ್ಲಿ ಕುರುಡು ಕರುಳುಗಳನ್ನು ಹಿಡಿಯುವ ಐಮೇರಿಯ ಟೆನೆಲ್ಲವೂ, ಸಣ್ಣ ಕರುಳಿನ ನಡುಭಾಗವನ್ನು ಕೆಡಿಸುವ ಐಮೇರಿಯ ನೆಕಾಟ್ರಿಕ್ಸವೂ ಅತ್ಯಂತ ಕ್ರೂರವಾದುವು. ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅರ್ನೆಸ್ಟ್ ಟಿಜ್ಜರನು ೧೯೨೯ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಜಾತಿಗಳಲ್ಲಿ ಕೆಲವನ್ನು ಮೊದಲಬಾರಿಗೆ ವಿಂಗಡಿಸಿ ವರ್ಣಿಸಿದನು.

ಈ ಜೀವಿಯ ಬಾಳಿನಲ್ಲಿ ಒಂದು ಭಾಗವು ಕೋಳಿಯ ಒಳಗೂ ಇನ್ನೊಂದು ಭಾಗವು ಹೊರಗೂ ಕಳೆಯುವುದು. ರೋಗಗ್ರಸ್ತ ಮರಿಯ ಹಿಕ್ಕೆಯಲ್ಲಿ ದಪ್ಪ ಕವಚವುಳ್ಳ ಬೀಜಕೋಶಗಳು ಹೊರಬೀಳುವುವು. ಬಿದ್ದ ಕೂಡಲೆ ಇವು ಅಪಾಯಕರವಲ್ಲ. ತೇವ, ಗಾಳಿ, ಬೆಚ್ಚನೆ ಎಂಬ ಮೂರೂ ಒದಗಿದಾಗ ಒಂದೆರಡು ದಿನಗಳಲ್ಲಿ ಇವು ಪಕ್ವವಾಗಿ, ಒಂದೊಂದರೊಳಗೆ ನಾಲ್ಕು ಕೋಶಗಳೂ, ಒಂದೊಂದು ಕೋಶದಲ್ಲಿ ಎರಡೆರಡು ಜೀವಾಣುಗಳೂ ಏರ್ಪಡುವುವು. ಕಾಲಿಗೆ, ನೀರಿಗೆ, ಆಹಾರಕ್ಕೆ ಅಂಟಿದ ಇಂತಹ ಪಕ್ವ ಕೋಶವನ್ನು ಮರಿಯು ಕುಕ್ಕಿ ನುಂಗಿದಾಗ ಆ ಎಂಟು ಜೀವಾಣುಗಳು ಬಿಡುಗಡೆಯಾಗಿ ಕರುಳಿನ ಒಳಪೊರೆಯನ್ನು ಹೊಕ್ಕು ಅಲ್ಲಿ ಒಡೆದೊಡೆದು ಹೆಚ್ಚುವುವು.

ಈ ವೃದ್ಧಿಯ ವೇಗವನ್ನು ಲೆಕ್ಕದಿಂದ ತಿಳಿಯಬಹುದು. ಐಮೇರಿಯ ಟೆನೆಲ್ಲದಲ್ಲಿ ಒಂದು ಜೀವಾಣುವಿನಿಂದ ಮೊದಲ ತಲೆಮಾರಿನಲ್ಲಿ ಸುಮಾರು ೯೦೦ ಮರಿಜೀವಿಗಳು ಹುಟ್ಟುವುವು. ಅವುಗಳಲ್ಲಿ ಒಂದೊಂದರಿಂದ ಎರಡನೆಯ ತಲೆಮಾರಿನಲ್ಲಿ ೨೦೦ರಿಂದ ೩೫೦ರವರೆಗೆ. ಎಂದರೆ ನುಂಗಿದ ಒಂದೇ ಬೀಜಕೋಶದಿಂದ, ಯಾವ ತಡೆಯೂ ಇಲ್ಲದಿದ್ದರೆ, ಇಪ್ಪತ್ತೈದು ಲಕ್ಷ ಜೀವಿಗಳಾಗುವುದಕ್ಕೆ ಅವಕಾಶವುಂಟು. ಎರಡನೆಯ ತಲೆಮಾರಿನ ಜೀವಿಗಳು ಕರುಳಿನ ಪೊರೆಯ ಆಳದಿಂದ ಸಿಡಿದು ಹೊರಬರುವಾಗ ರಕ್ತನಾಳಗಳು ಹರಿಯುವುವು. ರೋಗ ಹತ್ತಿದ ಐದನೆಯ ದಿನದ ಸುಮಾರಿಗೆ ಹಿಕ್ಕೆಯಲ್ಲಿ ಕಾಣುವ ರಕ್ತವು ಇದೇ. ಏಳನೆಯ ದಿನದ ವೇಳೆಗೆ ಹೊಸ ಬೀಜಕೋಶಗಳು ನೆಲಕ್ಕೆ ಬಿದ್ದು ಚಕ್ರವು ಮತ್ತೆ ಮೊದಲಾಗುವುದು.

ಈ ವಿವರದಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ರೋಗದ ತೀವ್ರತೆಯು ಮರಿ ನುಂಗಿದ ಬೀಜಕೋಶಗಳ ಸಂಖ್ಯೆಯನ್ನು ಅನುಸರಿಸುವುದು. ಆ ಸಂಖ್ಯೆಯಾದರೋ ನೆಲದ ತೇವವನ್ನೂ ಮರಿಗಳ ದಟ್ಟಣೆಯನ್ನೂ ಅನುಸರಿಸುವುದು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಈ ರೋಗವು ಹೆಚ್ಚಾಗಿ ಕಾಡುವುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ.

೩. ರೋಗನಿರೋಧಶಕ್ತಿ

ಅಲ್ಪಸಂಖ್ಯೆಯ ಬೀಜಕೋಶಗಳನ್ನು ಆಗಾಗ್ಗೆ ನುಂಗಿದ ಮರಿಗೆ ರೋಗವು ಕಾಣದಷ್ಟು ಸೌಮ್ಯವಾಗಿ ಬಂದುಹೋಗಿ, ಮುಂದೆ ಆ ಜಾತಿಯ ಜೀವಿಯಿಂದ ಹಾನಿಯಾಗದಂತಹ ಶಕ್ತಿ ದೇಹದಲ್ಲಿ ನೆಲೆಗೊಳ್ಳುವುದು. ಈ ಶಕ್ತಿಯು ಜಾತಿನಿಯತವಾದುದು. ಟೆನೆಲ್ಲವನ್ನು ಗೆದ್ದ ಮರಿಗೆ ನೆಕಾಟ್ರಿಕ್ಸದಿಂದ ರಕ್ಷಣೆಯಿಲ್ಲ. ಮೂರರಿಂದ ಆರು ವಾರದ ಮರಿಗಳನ್ನು ಮೊದಲನೆಯದೂ, ಎರಡು ತಿಂಗಳು ಕಳೆದ ಪಟ್ಟೆಗಳನ್ನು ಎರಡನೆಯದೂ ಹೆಚ್ಚಾಗಿ ಪೀಡಿಸುವುದರಿಂದ, ಒಮ್ಮೆ ರೋಗ ಬಂದುಹೋದ ಹಿಂಡಿನಲ್ಲಿ ಮತ್ತೆ ರೋಗ ಕಂಡಾಗ ಒಡೆಯನು ದಿಗ್ಭ್ರಮೆಗೊಳ್ಳುವುದುಂಟು. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಿತ್ತಿಲಲ್ಲಿ ತಾಯಿಯ ಹಿಂದೆ ಅಲೆಯುವ ಹತ್ತು ಹನ್ನೆರಡು ಮರಿಗಳು ವಿಶಾಲವಾದ ನೆಲದಲ್ಲಿ ಚದುರಿದ ಕೆಲವೇ ಬೀಜಕೋಶಗಳನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಪಡೆದು ಈ ಶಕ್ತಿಯನ್ನು ಗಳಿಸುವುವು. ಬ್ರೂಡರಿನ ಅಡಿಯಲ್ಲಿ ಒತ್ತೊತ್ತಾಗಿ ನಿಂತ ಇನ್ನೂರು ಮರಿಗಳ ಸ್ಥಿತಿ ಹಾಗಲ್ಲ. ಅಲ್ಲಿನ ಬೆಚ್ಚನೆಯೂ ನೀರಿನ ಪಾತ್ರೆಯ ಸುತ್ತಲಿನ ಒದ್ದೆಯೂ ಬೀಜಕೋಶಗಳು ಮಾಗುವುದಕ್ಕೆ ಹೇಳಿಮಾಡಿಸಿದಂತಿರುವುವು; ಮೊದಲ ಸುತ್ತಿನ ಸೌಮ್ಯರೋಗವು ನೆಲವನ್ನು ತುಂಬಿದ ಮೇಲೆ, ಶಕ್ತಿ ಗಳಿಸುವುದಕ್ಕೆ ಮುಂಚೆಯೇ ಎರಡನೆಯ ಸುತ್ತು ಸಾವಿರಗಟ್ಟಲೆ ಬೀಜಕೋಶಗಳೊಡನೆ ಮರಿಗಳ ಮೇಲೆ ಬೀಳುವುದು. ಆದುದರಿಂದ ಪ್ರಶ್ನೆಯು ಮರಿಯು ಈ ಜೀವಿಯನ್ನು ಎದುರಿಸಬೇಕೋ ಬೇಡವೋ ಎಂಬುದಲ್ಲ. ಎಷ್ಟು ಸಂಖ್ಯೆಯಲ್ಲಿ, ಎಷ್ಟು ಕಾಲಾವಧಿಯಲ್ಲಿ ಎದುರಿಸಬೇಕೆಂಬುದು. ಔಷಧಮಿಶ್ರಿತ ಆಹಾರದ ಉಪಯೋಗವನ್ನು ಈ ದೃಷ್ಟಿಯಿಂದ ನೋಡತಕ್ಕದ್ದು.

೪. ಔಷಧಗಳ ಇತಿಹಾಸ

೧೯೩೯ರಲ್ಲಿ ಅಮೆರಿಕಾದ ಪಿ. ಪಿ. ಲೆವೀನನು ಸಲ್ಫನಿಲಮೈಡ್ ಎಂಬ ಔಷಧಿಯು ಕೋಳಿಯ ಕಾಕ್ಸಿಡಿಯಗಳನ್ನು ತಡೆಯುವುದೆಂದು ತೋರಿಸಿದುದೇ ಈ ಚಿಕಿತ್ಸೆಗೆ ನಾಂದಿಯಾಯಿತು. ೧೯೪೮ರಲ್ಲಿ ಸಲ್ಫಕ್ವಿನಾಕ್ಸಲಿನ್ ಎಂಬುದನ್ನು ಅಲ್ಪಪ್ರಮಾಣದಲ್ಲಿ ಆಹಾರದಲ್ಲಿಯೇ ಸದಾ ಬೆರೆಸಿ ಕೊಡುವ ಕ್ರಮವು ಆರಂಭವಾಯಿತು. ರೋಗ ಬಂದ ಮೇಲೆ ಚಿಕಿತ್ಸೆ ಮಾಡುವುದನ್ನು ಬಿಟ್ಟು ಬರುವುದಕ್ಕೆ ಮುಂಚೆಯೇ ತಡೆಯುವ ಪದ್ಧತಿಯು ಇಲ್ಲಿಂದ ಮೊದಲಾದುದು. ಈ ಔಷಧವು ಪ್ರಮಾಣ ಮೀರಿದರೆ ಕೆ ಜೀವಸತ್ವದ ಕಾರ್ಯವನ್ನು ಕೆಡಿಸಿ ರಕ್ತಸ್ರಾವವನ್ನು ಉಂಟುಮಾಡುವುದೆಂಬುದು ಮುಂದೆ ತಿಳಿಯಿತು. ೧೯೫೫ರಲ್ಲಿ ಬಂದ ನಿಕಾರ್ಬಜಿನ್ ಮಾಂಸದ ಕೋಳಿಗಳಿಗೆ ಒದಗಿತಾದರೂ, ಮೊಟ್ಟೆಯಿಡುವ ಹೇಂಟೆಗಳು ತಿಂದರೆ ಕಂದು ಚಿಪ್ಪಿನ ಬಣ್ಣವು ಮಾಸುವುದೂ, ಮೊಟ್ಟೆಗಳು ಸರಿಯಾಗಿ ಒಡೆದು ಮರಿಯಾಗದಿರುವುದೂ ಕಂಡುಬಂದುವು. ೧೯೬೦ರಲ್ಲಿ ಆಂಪ್ರೋಲಿಯಂ ಬಳಕೆಗೆ ಬಂದಿತು. ೧೯೭೧ರಲ್ಲಿ ಮೊನೆನ್ಸಿನ್ ಎಂಬುದಕ್ಕೆ ಅಮೆರಿಕಾದಲ್ಲಿ ಸಮ್ಮತಿ ದೊರೆತು, ಮಾಂಸದ ಕೋಳಿಗಳ ಉದ್ಯಮವು ಬಹುಮಟ್ಟಿಗೆ ಆ ವರ್ಗದ ಔಷಧಗಳನ್ನೇ ಅವಲಂಬಿಸಿತು.

ಇವುಗಳಲ್ಲಿ ಸಾಮಾನ್ಯ ಸಾಕಣೆಗಾರರು ಅರಿತಿರಬೇಕಾದುವು ಕೊನೆಯ ಎರಡು.

ಆಂಪ್ರೋಲಿಯಂ ರಚನೆಯಲ್ಲಿ ಥಯಾಮಿನ್ ಎಂಬ ಬಿ-೧ ಜೀವಸತ್ವವನ್ನು ಹೋಲುವುದು. ಕಾಕ್ಸಿಡಿಯವು ವೃದ್ಧಿಯಾಗಲು ಥಯಾಮಿನ್ ಅವಶ್ಯಕ. ಆಂಪ್ರೋಲಿಯಂ ಅದರ ಸ್ಥಳವನ್ನು ಆಕ್ರಮಿಸಿ ಪರೋಪಜೀವಿಗೆ ಜೀವಸತ್ವವು ಸೇರದಂತೆ ಮಾಡುವುದು. ಈ ಅಡ್ಡಿಗೆ ಪರೋಪಜೀವಿಯು ಕೋಳಿಗಿಂತ ಅನೇಕ ಪಟ್ಟು ಹೆಚ್ಚಾಗಿ ಈಡಾಗುವುದರಿಂದ, ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಮರಿಗೆ ಬಾಧೆಯಿಲ್ಲ. ಇದು ಪ್ರತಿಜೀವಕವಲ್ಲ; ರೋಗಕಾರಕ ಬ್ಯಾಕ್ಟೀರಿಯಗಳ ಮೇಲೆ ಇದರ ಪ್ರಭಾವವಿಲ್ಲ. ಸಾಧಾರಣ ಪ್ರಮಾಣವು ಒಂದು ಕಿಲೋಗ್ರಾಂ ಆಹಾರಕ್ಕೆ ೧೨೫ ಮಿಲಿಗ್ರಾಂ. ಇಷ್ಟರಿಂದ ಪರೋಪಜೀವಿಗಳೆಲ್ಲವೂ ನಾಶವಾಗುವುದಿಲ್ಲ. ಅವುಗಳ ಸಂಖ್ಯೆ ತಗ್ಗುವುದು. ಉಳಿದ ಕೆಲವು ಮರಿಗೆ ರೋಗನಿರೋಧಶಕ್ತಿಯನ್ನು ಕಲಿಸುವುವು. ಔಷಧ ತಿಂದ ಮರಿ ಎಂದಿಗೂ ಗಟ್ಟಿಯಾಗದೆಂಬ ಮಾತು ಈ ಔಷಧದ ವಿಷಯದಲ್ಲಿ ನಿಲ್ಲತಕ್ಕದ್ದಲ್ಲ. ಅಮೆರಿಕಾದ ನಿಯಮದಂತೆ, ಈ ಆಹಾರವನ್ನು ತಿಂದ ಕೋಳಿಯ ಮಾಂಸವನ್ನು ಉಪಯೋಗಿಸುವುದಕ್ಕೆ ಮುಂಚೆ ಕಾದಿರಬೇಕಾದ ಅವಧಿಯೂ ಇಲ್ಲ.

ಮೊನೆನ್ಸಿನ್ ಸ್ಟ್ರೆಪ್ಟೋಮೈಸಿಸ್ ಸಿನ್ನಮೋನೆನ್ಸಿಸ್ ಎಂಬ ಸೂಕ್ಷ್ಮಜೀವಿಯಿಂದ ದೊರೆತುದು. ಇದು ಸೋಡಿಯಂ ಅಯಾನುಗಳನ್ನು ಪರೋಪಜೀವಿಯ ಪೊರೆಯ ಮೂಲಕ ಒಳಕ್ಕೆ ಸಾಗಿಸಿ ಅದರ ಸಮತೋಲವನ್ನು ಕೆಡಿಸುವುದು. ಕೋಳಿಗೆ ಸೈರಿಸಬಹುದಾದ ಈ ದ್ರವ್ಯವು ಕುದುರೆಗೆ ಘೋರವಿಷ. ದೇಹತೂಕದ ಕಿಲೋಗ್ರಾಮಿಗೆ ಸುಮಾರು ೨೦೦ ಮಿಲಿಗ್ರಾಂ ಕೋಳಿಗೆ ಮಾರಕವಾದರೆ, ಕುದುರೆಗೆ ಎರಡು ಮೂರು ಮಿಲಿಗ್ರಾಂ ಸಾಕು. ಕುದುರೆಯನ್ನೂ ಕೋಳಿಯನ್ನೂ ಒಂದೇ ಅಂಗಳದಲ್ಲಿ ಸಾಕುವವರು ಚೀಲದ ಮೇಲಿನ ಬರಹವನ್ನು ಓದದೆ ಆಹಾರವನ್ನು ಬಿಡಾರದಲ್ಲಿ ತೆರೆದಿಡಬಾರದು. ಒಂದು ಔಷಧದ ಗುಣವನ್ನು ಇನ್ನೊಂದಕ್ಕೆ ಆರೋಪಿಸಬಾರದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

೫. ಪ್ರತಿಜೀವಕಗಳ ಪ್ರಶ್ನೆ

ಔಷಧಮಿಶ್ರಿತ ಆಹಾರದ ಬಗೆಗೆ ಜನರಲ್ಲಿರುವ ಭಯವು ನಿರಾಧಾರವಾದುದಲ್ಲ. ಆದರೆ ಅದರ ನೆಲೆ ಬೇರೆ. ೧೯೪೬ರಲ್ಲಿ ಅಮೆರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸ್ಟ್ರೆಪ್ಟೋಮೈಸಿನ್ ತಿಂದ ಮರಿಗಳು ಹೆಚ್ಚಾಗಿ ಬೆಳೆದುದು ಗೋಚರವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕ್ಲೋರ್‌ಟೆಟ್ರಸೈಕ್ಲಿನ್ ಎಂಬ ಪ್ರತಿಜೀವಕದ ಬಗೆಗೂ ಇದೇ ಗುಣ ತಿಳಿದುಬಂದಿತು. ಅಂದಿನಿಂದ ಯಾವ ರೋಗವೂ ಇಲ್ಲದ ಮರಿಗಳಿಗೆ, ಕೇವಲ ಬೆಳವಣಿಗೆಗಾಗಿ, ಪ್ರತಿಜೀವಕಗಳನ್ನು ತಿನ್ನಿಸುವ ರೂಢಿ ಬಂದಿತು. ಅಲ್ಪಪ್ರಮಾಣದಲ್ಲಿ ಬಹುಕಾಲ ಪ್ರತಿಜೀವಕ ಬಿದ್ದ ಕಡೆ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಗಳು ಉಳಿದು ಹೆಚ್ಚುವುವು. ಅವು ಮನುಷ್ಯರಿಗೂ ಹರಡಿದರೆ ಮನುಷ್ಯರ ಚಿಕಿತ್ಸೆಗೆ ಅದೇ ಔಷಧವು ನಿಷ್ಫಲವಾಗುವುದು. ೧೯೬೯ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿಯು ಈ ಅಪಾಯವನ್ನು ಎತ್ತಿ ತೋರಿಸಿತು. ೧೯೮೬ರಲ್ಲಿ ಸ್ವೀಡನ್ ದೇಶವೂ, ೨೦೦೬ರ ಜನವರಿ ೧ರಿಂದ ಐರೋಪ್ಯ ಒಕ್ಕೂಟವೂ ಬೆಳವಣಿಗೆಗಾಗಿ ಪ್ರತಿಜೀವಕ ಬೆರೆಸುವುದನ್ನು ನಿಷೇಧಿಸಿದುವು. ಭಾರತ ಸರ್ಕಾರವು ೨೦೧೯ರಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಉಪಯೋಗಿಸದಂತೆ ತಡೆಯಿತು. ಅದು ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾಗಿ ಉಳಿದಿರುವ ಔಷಧಗಳಲ್ಲಿ ಒಂದು.

ಆದಕಾರಣ ಚೀಲದ ಮೇಲೆ ಔಷಧಮಿಶ್ರವೆಂದು ಬರೆದಿರುವುದು ಮಾತ್ರವೇ ಸಾಲದು. ಔಷಧದ ಹೆಸರನ್ನೂ ಪ್ರಮಾಣವನ್ನೂ ಓದತಕ್ಕದ್ದು. ಆಂಪ್ರೋಲಿಯಂ ಬೆರೆತ ಆಹಾರವೂ, ಬೆಳವಣಿಗೆಗಾಗಿ ಪ್ರತಿಜೀವಕ ಬೆರೆತ ಆಹಾರವೂ ಒಂದೇ ಹೆಸರಿನಲ್ಲಿ ಮಾರಲ್ಪಟ್ಟರೂ ವಸ್ತುತಃ ಬೇರೆ ಬೇರೆ. ಮೊದಲನೆಯದಕ್ಕೆ ಸಕಾರಣವುಂಟು. ಎರಡನೆಯದನ್ನು ಕೊಳ್ಳದಿರುವುದೇ ಲೇಸು. ಹೆಸರನ್ನೇ ಬರೆಯದ ಚೀಲವು ಇವೆರಡಕ್ಕಿಂತಲೂ ಕೀಳು.

೬. ಯಾರಿಗೆ ಯಾವುದು

ಔಷಧರಹಿತ ಆಹಾರವೇ ಯುಕ್ತವಾಗಿರುವ ಸಂದರ್ಭಗಳಲ್ಲಿ ಮೊದಲನೆಯದು, ಕಾಕ್ಸಿಡಿಯೋಸಿಸ್ ರೋಗಕ್ಕೆ ಲಸಿಕೆ ಪಡೆದ ಮರಿಗಳದು. ಅಮೆರಿಕಾದ ಆಬರ್ನ್‌ನಲ್ಲಿ ಎಸ್. ಎ. ಎಡ್ಗರನು ಸಿದ್ಧಪಡಿಸಿದ ಲಸಿಕೆಯು ೧೯೫೨ರಲ್ಲಿ ಮಾರಾಟಕ್ಕೆ ಬಂದಿತು, ೧೯೭೫ರಲ್ಲಿ ಟಿ. ಕೆ. ಜೆಫರ್ಸನು ಬೇಗ ಮಾಗುವ ಪರೋಪಜೀವಿಗಳನ್ನೇ ಆರಿಸಿ ಆರಿಸಿ ಬೆಳಸಿದರೆ ಅವುಗಳ ಕ್ರೌರ್ಯ ತಗ್ಗುವುದೆಂದು ತೋರಿಸಿದ ಮೇಲೆ ಸೌಮ್ಯತರವಾದ ಲಸಿಕೆಗಳು ಸಾಧ್ಯವಾದುವು. ಇವೆಲ್ಲವೂ ಜೀವಂತ ಬೀಜಕೋಶಗಳು. ಇವುಗಳನ್ನು ಪಡೆದ ಮರಿಗೆ ಔಷಧಾಹಾರವನ್ನು ಕೊಟ್ಟರೆ ಔಷಧವು ಲಸಿಕೆಯನ್ನೇ ಕೊಲ್ಲುವುದು. ಎರಡಕ್ಕೂ ಹಣ ತೆತ್ತು ಎರಡರ ಪ್ರಯೋಜನವನ್ನೂ ಕಳೆದುಕೊಂಡಂತಾಗುವುದು. ಮರೆಕ್ಸ್ ರೋಗದ ಲಸಿಕೆಗೆ ಈ ನಿರ್ಬಂಧವಿಲ್ಲ. ಅದು ವೈರಸ್ಸಿಗೆ ಸಂಬಂಧಿಸಿದುದು. ಆದುದರಿಂದ ಮರಿಗಳನ್ನು ಕೊಳ್ಳುವಾಗ ಲಸಿಕೆ ಆಗಿದೆಯೇ ಎಂದು ಕೇಳಿದರೆ ಸಾಲದು; ಯಾವ ರೋಗದ ಲಸಿಕೆಯೆಂದು ಕೇಳತಕ್ಕದ್ದು.

ಎರಡನೆಯದು, ತಾಯಿಯೊಡನೆ ಒಣನೆಲದಲ್ಲಿ ಅಲೆಯುವ ಕೆಲವೇ ಮರಿಗಳದು. ಇವುಗಳಿಗೆ ಪ್ರಕೃತಿಯೇ ಮಂದಗತಿಯ ಶಿಕ್ಷಣವನ್ನು ಕೊಡುವುದು. ಮೂರನೆಯದು, ತಂತಿಯ ತಳದ ಗೂಡುಗಳಲ್ಲಿ ಬೆಳೆಯುವ ಮರಿಗಳದು. ಹಿಕ್ಕೆಯು ಕೆಳಕ್ಕೆ ಬಿದ್ದುಹೋಗುವುದರಿಂದ ಬೀಜಕೋಶಗಳು ಮರಿಯ ಬಾಯಿಗೆ ಬರುವುದು ಅಪೂರ್ವ.

ಔಷಧಮಿಶ್ರಿತ ಆಹಾರವು ಯುಕ್ತವಾಗುವುದು ಲಸಿಕೆಯಿಲ್ಲದ ಮರಿಗಳು ನೆಲದ ಹಾಸಿನ ಮೇಲೆ ಗುಂಪಾಗಿ ಬೆಳೆಯುವಾಗ, ಹವೆ ತೇವವಾಗಿರುವಾಗ, ಅಥವಾ ಅದೇ ಕೊಟ್ಟಿಗೆಯಲ್ಲಿ ಹಿಂದಿನ ತಂಡಕ್ಕೆ ರೋಗ ಬಂದಿದ್ದಾಗ. ಬೀಜಕೋಶಗಳು ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗದೆ ನೆಲದಲ್ಲಿ ಬಹುದಿನ ಉಳಿಯುವುವು. ಹೆಬ್ಬಾಳದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜ ಮೊದಲಾದ ತಳಿಯ ಮರಿಗಳನ್ನು ಹಿತ್ತಿಲಸಾಕಣೆಗೆಂದು ತಂದವರೂ ಮೊದಲ ವಾರಗಳಲ್ಲಿ ಅವನ್ನು ದೀಪದ ಕಾವಿನಲ್ಲಿ ಗುಂಪಾಗಿಯೇ ಇಡಬೇಕಾಗುವುದರಿಂದ, ಆ ವಾರಗಳ ಮಟ್ಟಿಗೆ ಅವರ ಸ್ಥಿತಿಯೂ ಇದೇ.

ಇಲ್ಲಿ ಕೋಳಿಯ ಆಯುಸ್ಸನ್ನೂ ಗಣನೆಗೆ ತರಬೇಕು. ಸುಮಾರು ಆರು ವಾರಗಳಲ್ಲಿ ಮಾರಾಟವಾಗುವ ಮಾಂಸದ ಕೋಳಿಗೆ ಕೊನೆಯವರೆಗೂ ರೋಗವನ್ನು ಅದುಮಿ ಹಿಡಿದರೆ ಸಾಕು. ವರ್ಷಕ್ಕೂ ಮೀರಿ ನೆಲದ ಮೇಲೆ ಬಾಳಬೇಕಾದ ಮೊಟ್ಟೆಕೋಳಿಗೆ ಸ್ವಂತ ಶಕ್ತಿಯೇ ಆಧಾರ. ಅದುದರಿಂದ ಅದಕ್ಕೆ ರೋಗಾಣುವನ್ನು ಪೂರ್ಣವಾಗಿ ಅಳಿಸುವ ಔಷಧಕ್ಕಿಂತ ಅದರ ಸಂಖ್ಯೆಯನ್ನು ತಗ್ಗಿಸುವ ಆಂಪ್ರೋಲಿಯಂನಂತಹುದೇ ಒಪ್ಪುವುದು.

೭. ಉಪಯೋಗದಲ್ಲಿ ಆಗುವ ದೋಷಗಳು

ಸರಿಯಾದ ಚೀಲವನ್ನು ಕೊಂಡೂ ಫಲ ದೊರೆಯದಿರುವುದಕ್ಕೆ ಬಳಸುವ ಕ್ರಮವೇ ಅನೇಕ ವೇಳೆ ಕಾರಣ. ದಿನಕ್ಕೆ ೨೦ ಗ್ರಾಂ ಆಹಾರವನ್ನು ತಿನ್ನುವ ಮರಿಗೆ, ಕಿಲೋಗ್ರಾಮಿಗೆ ೧೨೫ ಮಿಲಿಗ್ರಾಮಿನಂತೆ, ಎರಡೂವರೆ ಮಿಲಿಗ್ರಾಂ ಔಷಧ ಸೇರುವುದು. ಖರ್ಚು ಉಳಿಸಲೆಂದು ಅರ್ಧದಷ್ಟು ನುಚ್ಚನ್ನೋ ರಾಗಿಯನ್ನೋ ಬೆರೆಸಿದಲ್ಲಿ ಔಷಧವೂ ಅರ್ಧಕ್ಕೆ ಇಳಿಯುವುದು. ಮರಿಯ ಆಹಾರದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಇರಬೇಕಾದ ಸಸಾರಜನಕವೂ ಕುಗ್ಗುವುದು. ಅದೇ ಸಮಯದಲ್ಲಿ ಬಿ ಜೀವಸತ್ವಗಳ ದ್ರಾವಣವನ್ನು ಧಾರಾಳವಾಗಿ ನೀರಿನಲ್ಲಿ ಕೊಡುವುದು ಇನ್ನೊಂದು ದೋಷ. ಥಯಾಮಿನ್ ಹೆಚ್ಚಿದಷ್ಟೂ ಆಂಪ್ರೋಲಿಯಂ ಸೋಲುವುದೆಂಬುದು ಮೇಲೆ ಹೇಳಿದ ಅದರ ವರ್ತನೆಯಿಂದಲೇ ಸಿದ್ಧವಾಗುವುದು. ಇದಕ್ಕೆ ವಿಪರೀತವಾಗಿ, ಔಷಧದ ಪುಡಿಯನ್ನು ಮನೆಯಲ್ಲಿ ಕೈಯಿಂದ ಬೆರೆಸುವವರಲ್ಲಿ ಅತಿಪ್ರಮಾಣದ ಅಪಾಯವುಂಟು. ಒಂದು ಕ್ವಿಂಟಲ್ ಆಹಾರಕ್ಕೆ ಬೇಕಾದ ಆಂಪ್ರೋಲಿಯಂ ಕೇವಲ ಹನ್ನೆರಡೂವರೆ ಗ್ರಾಂ. ಇಷ್ಟು ಅಲ್ಪವಾದುದು ಗುದ್ದಲಿಯಿಂದ ಕಲಸಿದ ರಾಶಿಯಲ್ಲಿ ಸಮನಾಗಿ ಹರಡಲಾರದು. ಒಂದೆಡೆ ಮರಿಗೆ ಔಷಧವೇ ಸಿಗದೆ, ಇನ್ನೊಂದೆಡೆ ಅತಿಯಾಗಿ ಸಿಕ್ಕಿ ಥಯಾಮಿನ್ ಕೊರತೆಯಿಂದ ಕತ್ತು ಹಿಂದಕ್ಕೆ ಸೆಟೆದುಕೊಳ್ಳುವ ನರರೋಗ ಬರಬಹುದು.

ಆಹಾರದಲ್ಲಿನ ಔಷಧವು ತಡೆಗಾಗಿ ಇರುವುದೇ ಹೊರತು ಚಿಕಿತ್ಸೆಗಾಗಿ ಅಲ್ಲವೆಂಬುದನ್ನೂ ಮರೆಯಲಾಗದು. ರೋಗ ಹಿಡಿದ ಮರಿ ತಿನ್ನುವುದನ್ನು ಬಿಡುವುದು. ಆದರೆ ನೀರನ್ನು ಕುಡಿಯುವುದು. ಆದುದರಿಂದ ರಕ್ತ ಕಂಡಾಗ ಪಶುವೈದ್ಯರ ಸಲಹೆಯಂತೆ ಲೀಟರು ನೀರಿಗೆ ೨೪೦ ಮಿಲಿಗ್ರಾಂ ಆಂಪ್ರೋಲಿಯಂ ಬೆರೆಸಿ ಮೂರರಿಂದ ಐದು ದಿನವೂ, ಬಳಿಕ ೬೦ ಮಿಲಿಗ್ರಾಂನಂತೆ ಒಂದೆರಡು ವಾರವೂ ಕೊಡುವ ಕ್ರಮವಿರುವುದು. ಸತ್ತ ಮರಿಯೊಂದನ್ನು ವೈದ್ಯರಲ್ಲಿ ಕೊಯ್ಯಿಸಿ ನೋಡಿಸಿದರೆ ರೋಗವು ನಿಶ್ಚಯವಾಗುವುದು. ಉಳಿದವುಗಳ ಪ್ರಾಣಕ್ಕೆ ಅದರಿಂದ ಆಗುವ ಉಪಕಾರವು ದೊಡ್ಡದು.

ಇದಲ್ಲದೆ, ವ್ಯಾಪಕವಾಗಿ ಬಳಸಿದ ಪ್ರತಿಯೊಂದು ಔಷಧಕ್ಕೂ ಕಾಲಕ್ರಮದಲ್ಲಿ ಕಾಕ್ಸಿಡಿಯಗಳು ಜಗ್ಗದಂತಾಗಿರುವುದು ಕಂಡುಬಂದಿದೆ. ದೊಡ್ಡ ಸಾಕಣೆಗಳಲ್ಲಿ ಔಷಧಗಳನ್ನು ಸರದಿಯಂತೆ ಬದಲಾಯಿಸುವರು. ಔಷಧ ಲಸಿಕೆಗಳನ್ನು ಒಂದು ತಂಡ ಬಿಟ್ಟು ಇನ್ನೊಂದು ತಂಡಕ್ಕೆ ಉಪಯೋಗಿಸುವುದೂ ಉಂಟು.

೮. ನೆಲದ ಹಾಸು

ಯಾವ ಚೀಲವನ್ನು ಕೊಂಡರೂ ತಪ್ಪದ ಕೆಲಸವೊಂದಿದೆ. ಅದು ನೆಲವನ್ನು ಒಣಗಿಸಿಡುವುದು. ಎರಡು ಮೂರು ಅಂಗುಲ ದಪ್ಪಕ್ಕೆ ಭತ್ತದ ಹೊಟ್ಟನ್ನು ಹಾಸಿ, ದಿನವೂ ಕೆದಕಿ ತಿರುವಿ, ನೀರಿನ ಪಾತ್ರೆಯ ಸುತ್ತಲೂ ಒದ್ದೆಯಾಗಿ ಗಟ್ಟಿಗಟ್ಟಿದುದನ್ನು ತೆಗೆದು ಹೊಸದನ್ನು ಹಾಕಬೇಕು. ಹಾಸನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ತೇವ ಮೀರಿದೆಯೆಂದು ತಿಳಿಯತಕ್ಕದ್ದು. ನೀರಿನ ಪಾತ್ರೆಯ ಅಂಚು ಮರಿಯ ಬೆನ್ನಿನ ಮಟ್ಟದಲ್ಲಿದ್ದರೆ ನೀರು ಚೆಲ್ಲುವುದೂ ಹಿಕ್ಕೆ ಬೀಳುವುದೂ ಕಡಮೆಯಾಗುವುವು. ದೊಡ್ಡ ಕೋಳಿಗಳನ್ನೂ ಮರಿಗಳನ್ನೂ ಬೇರ್ಪಡಿಸಬೇಕು. ರೋಗವನ್ನು ಗೆದ್ದ ಹೇಂಟೆಯು ತಾನು ಆರೋಗ್ಯವಾಗಿದ್ದೂ ಬೀಜಕೋಶಗಳನ್ನು ನೆಲಕ್ಕೆ ಬಿಡುತ್ತಿರಬಹುದು. ತೇವವಿಲ್ಲದೆ ಬೀಜಕೋಶವು ಮಾಗಲಾರದಾದುದರಿಂದ, ಒಣಹಾಸೇ ಎಲ್ಲಾ ಔಷಧಗಳಿಗಿಂತ ಅಗ್ಗವಾದ ಔಷಧವು.

೯. ಉಪಸಂಹಾರ

ಇಷ್ಟು ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ: ಔಷಧಮಿಶ್ರಿತ ಆಹಾರವು ಒಂದೇ ರೋಗಕ್ಕೆ ಸಂಬಂಧಿಸಿದ ಕಾವಲು. ಮರಿಯು ತನ್ನ ಶಕ್ತಿಯನ್ನು ಗಳಿಸಿಕೊಳ್ಳುವವರೆಗೆ ಶತ್ರುವಿನ ಸಂಖ್ಯೆಯನ್ನು ಹಿಡಿತದಲ್ಲಿಡುವುದಷ್ಟೇ ಅದರ ಕೆಲಸ. ಲಸಿಕೆ ಪಡೆದ ಮರಿಗೆ ಅದು ಅನರ್ಥಕರ. ಒಣನೆಲದಲ್ಲಿ ವಿರಳವಾಗಿ ಬೆಳೆಯುವ ಮರಿಗೆ ಅನಾವಶ್ಯಕ. ತೇವದ ದಿನಗಳಲ್ಲಿ ಒತ್ತಾಗಿ ಬೆಳೆಯುವ, ಲಸಿಕೆಯಿಲ್ಲದ ಮರಿಗೆ ಪ್ರಾಣರಕ್ಷಕ. ಔಷಧದ ಹೆಸರು, ಮರಿಗೆ ಆಗಿರುವ ಲಸಿಕೆ, ನೆಲದ ಸ್ಥಿತಿ ಎಂಬ ಮೂರನ್ನು ವಿಚಾರಿಸಿದವರಿಗೆ ಎರಡು ಚೀಲಗಳಲ್ಲಿ ಒಂದನ್ನು ಆರಿಸುವುದು ಕಷ್ಟವಲ್ಲ. ಈ ಮೂರನ್ನು ವಿಚಾರಿಸದವರಿಗೆ ಎರಡು ಚೀಲಗಳೂ ಸಮಾನವಾಗಿ ನಷ್ಟವನ್ನು ತರಬಲ್ಲುವು.